ಮೂರು ಮನೆ, ಮೂರು ಕೀಲಿಕೈ, ಹನ್ನೊಂದು ತಿಂಗಳು

ಮುಂಬೈಯ ಮಾಟುಂಗಾದಲ್ಲಿ ನಮ್ಮದು ಹಳೇ ಬಿಲ್ಡಿಂಗ್. ಕೆಳಗೆ ಅಂಗಡಿಗಳು, ಮೇಲೆ ಮೂರು ಮಾಳಿಗೆ. ಲಿಫ್ಟ್ ಇಲ್ಲ. ಮರದ ಮೆಟ್ಟಿಲು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಇಲ್ಲಿ ಮೂರು ಮನೆಗಳಲ್ಲಿ ವಯಸ್ಸಾದವರೇ ಇದ್ದಾರೆ. ಒಂದನೇ ಮಾಳಿಗೆಯಲ್ಲಿ ವಿಜಯಪುರದ ಕಡೆಯ ಕಾಕಾ, ಒಬ್ಬರೇ, ಎಪ್ಪತ್ತೆಂಟು. ಎರಡನೇ ಮಾಳಿಗೆಯಲ್ಲಿ ನಮ್ಮ ಎದುರು ಮಾಷ್ಟ್ರು ಮತ್ತು ಅವರ ಹೆಂಡತಿ, ಅವರನ್ನು ನಾನು ಅಕ್ಕ ಅನ್ನುತ್ತೇನೆ. ಮಾಷ್ಟ್ರು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದವರು. ಮೂರನೇ ಮಾಳಿಗೆಯಲ್ಲಿ ಎಂಬತ್ತಮೂರರ ಮಾಮಿ. ತಮಿಳಿನವರು, ಆದರೆ ಮೈಸೂರಿನಲ್ಲಿ ಬೆಳೆದವರು, ನನ್ನ ಹತ್ತಿರ ಕನ್ನಡವೇ.

ಕಳೆದ ವರ್ಷ ಜುಲೈಯಲ್ಲಿ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಕಾಕಾ ಬಚ್ಚಲಲ್ಲಿ ಬಿದ್ದರು. ಮಳೆಯ ಸದ್ದಿನಲ್ಲಿ ಅವರು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಹಾಲಿನ ಹುಡುಗ ಬಂದಾಗಲೇ ಗೊತ್ತಾಗಿದ್ದು. ಬಾಗಿಲಿಗೆ ಒಳಗಿನಿಂದ ಅಗಳಿ. ಕೆಳಗಿನ ಅಂಗಡಿಯಿಂದ ಹಾರೆ ತಂದು ಬಾಗಿಲು ಮೀಟಲು ಮುಕ್ಕಾಲು ಗಂಟೆ ಆಯ್ತು. ಅಷ್ಟೂ ಹೊತ್ತು ಕಾಕಾ ಒಳಗಿಂದ "ಅವಸರ ಮಾಡಬ್ಯಾಡ್ರಿ, ನಾ ಅರಾಮ ಅದೀನಿ" ಅನ್ನುತ್ತಿದ್ದರು. ಅವರ ದನಿ ಸಣ್ಣಗಾಗುತ್ತಾ ಹೋಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

108ಕ್ಕೆ ಫೋನ್ ಮಾಡಿದೆವು. ಆಂಬ್ಯುಲೆನ್ಸ್ ಬೇಗನೇ ಬಂತು, ಆದರೆ ಗಲ್ಲಿಯಲ್ಲಿ ಮೊಣಕಾಲುಮಟ್ಟ ನೀರು. ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲ್ ಸುತ್ತಮುತ್ತ ಇರುವವರಿಗೆ ಇದು ಗೊತ್ತಿರುವುದೇ. ಸಮುದ್ರದ ಉಬ್ಬರ ಮತ್ತು ಜೋರು ಮಳೆ ಒಟ್ಟಿಗೆ ಬಂದರೆ ಊರಿನ ನೀರು ಹೊರಗೆ ಹೋಗುವುದಿಲ್ಲ. ಗಾಡಿ ದೊಡ್ಡ ರಸ್ತೆಯಲ್ಲೇ ನಿಂತಿತು. ಸ್ಟ್ರೆಚರ್ ಹೊತ್ತು ತಂದರು, ಅದು ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಕೊನೆಗೆ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಅರ್ಧ ದಾರಿಯಲ್ಲಿ ಅದರ ಹಿಂದಿನ ಕಾಲು ಬಾಗಿತು. ಕಾಕಾ ನನ್ನ ಮಗನ ಕುತ್ತಿಗೆ ಹಿಡಿದು ಉಳಿದರು.

ಆಸ್ಪತ್ರೆಯಲ್ಲಿ ಪ್ರಶ್ನೆಗಳು ಶುರುವಾದವು. ಯಾವ ಮಾತ್ರೆ ತಗೊಳ್ತಾರೆ? ರಕ್ತ ತೆಳುವಾಗುವ ಮಾತ್ರೆ ಇದೆಯಾ? ಅಲರ್ಜಿ? ಇನ್ಶೂರೆನ್ಸ್? ಹನ್ನೆರಡು ವರ್ಷದಿಂದ ದಿನಾ ನೋಡುವ ಮನುಷ್ಯ, ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಮಗನ ಫೋನ್ ಸೈಲೆಂಟ್‌ನಲ್ಲಿತ್ತು. ಡೆಪಾಸಿಟ್ 40,000 ಕೇಳಿದರು, ನನ್ನ ಗಂಡ ಕಾರ್ಡ್ ಉಜ್ಜಿದರು. ತೊಡೆಯ ಮೂಳೆ ಮುರಿದಿತ್ತು, ಮರುದಿನ ಆಪರೇಷನ್ ಆಯ್ತು. ಕಾಕಾ ಈಗ ವಾಕರ್ ಹಿಡಿದು ಓಡಾಡುತ್ತಾರೆ.

ಅವತ್ತು ನೀರಿನಲ್ಲಿ ನಡೆದ ನಾವೆಲ್ಲ ಮುನಿಸಿಪಾಲಿಟಿ ದವಾಖಾನೆಗೆ ಹೋಗಿ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ತಡೆಯುವ ಮಾತ್ರೆ ಕೇಳಿ ತಗೊಂಡೆವು. ನೀರಲ್ಲಿ ನಡೆದ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಬೇಕು, ಕಾಲಲ್ಲಿ ಗಾಯ ಇದ್ದರಂತೂ ಬಿಡಲೇಬಾರದು. ಹೊತ್ತುಕೊಂಡು ಹೋದವರು ತಮ್ಮನ್ನೇ ಮರೆತುಬಿಡುತ್ತಾರೆ, ಅದಕ್ಕೇ ಹೇಳಿದೆ.

ಇನ್ನು ಇಂಥದ್ದು ಆಗಬಾರದು, ಮೂರೂ ಮನೆಗೆ ಮೊದಲೇ ತಯಾರಿ ಮಾಡಿಡಬೇಕು ಅಂತ ನಾನೂ ನನ್ನ ಗಂಡನೂ ನಿಶ್ಚಯ ಮಾಡಿದೆವು. ಎರಡು ಭಾನುವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆವು. ಹನ್ನೊಂದು ತಿಂಗಳು ಹಿಡಿಯಿತು.

ಮೊದಲ ಸಲ ಮಾತೆತ್ತಿದಾಗ ಮೂವರೂ ಒಪ್ಪಲಿಲ್ಲ. ಮಾಷ್ಟ್ರು 2005ರ ಜುಲೈ 26ರ ಮಳೆಯ ಮಾತು ತೆಗೆದರು. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮಾಷ್ಟ್ರು ಅಂಧೇರಿಯಿಂದ ರಾತ್ರಿಯಿಡೀ ನಡೆದು ಮನೆ ಸೇರಿದ್ದರು. "ಅದರಲ್ಲೇ ಎಂತದೂ ಆಗ್ಲಿಲ್ಲ ಮಾರಾಯ್ತಿ, ಇನ್ನೆಂತ ಆಗೂದು?" ನಾನು ಮೆಲ್ಲಗೆ ಹೇಳಿದೆ, ಆಗ ನಿಮಗೆ ಅರವತ್ತು ಮಾಷ್ಟ್ರೆ, ಈಗ ಎಂಬತ್ತು ದಾಟಿದೆ, ಅಕ್ಕ ಆಗ ಆಕ್ಸಿಜನ್ ಮೇಲೆ ಇರಲಿಲ್ಲ. ಅವರು ಮಾತಾಡಲಿಲ್ಲ. ಮಾಮಿ ಮಾತ್ರ ನೊಂದುಕೊಂಡರು. "ನಾನು ಹೋಗೋ ದಿನ ಎಣಿಸ್ತಾ ಇದ್ದೀಯಾ?" ಅಂದರು.

ಅಲ್ಲಿ ನಾನು ಒಂದು ಕಲಿತೆ. ಕಾಗದ, ಪೆನ್ನು ಹಿಡಿದು ಹೋಗಬಾರದು. ಮೊದಲು ನನ್ನದೇ ತೋರಿಸಿದೆ. ನನ್ನ ಬಿಪಿ ಮಾತ್ರೆ, ನನ್ನ ರಕ್ತದ ಗುಂಪು, ನನ್ನ ಮನೆ ಕೀಲಿ ಯಾರ ಹತ್ತಿರ ಇದೆ, ಎಲ್ಲ ಬರೆದ ಒಂದು ಹಾಳೆ. "ನಂಗೇನಾದ್ರೂ ಆದ್ರೆ ನೀವು ನೋಡ್ಕೋಬೇಕು ಮಾಮಿ" ಅಂತ ಕೀಲಿ ಅವರ ಕೈಲಿಟ್ಟೆ. ವಾರ ಬಿಟ್ಟು ಅವರೇ ಕೆಳಗಿಳಿದು ಬಂದು "ನಂದೂ ಬರ್ಕೋ" ಅಂದರು.

ಗಣಪತಿ ಹಬ್ಬ ಮುಗಿದ ಮೇಲೆ ಮಾತ್ರೆಗಳ ಕೆಲಸಕ್ಕೆ ಕೂತೆವು. ಇದಕ್ಕೆ ಒಂದೊಂದು ಮನೆಗೂ ಒಂದು ಪೂರ್ತಿ ಮಧ್ಯಾಹ್ನ ಬೇಕು. ಕಾಕಾ ತಮ್ಮ ಮಾತ್ರೆಗಳನ್ನು ಬಣ್ಣದ ಮೇಲೆ ಗುರುತಿಟ್ಟಿದ್ದರು, ಬೆಳಿಗ್ಗೆ ಕೆಂಪು, ರಾತ್ರಿ ಹಳದಿ. ಬಿಸ್ಕತ್ತಿನ ಹಳೇ ಡಬ್ಬಿಯನ್ನು ಹಾಸಿಗೆ ಮೇಲೆ ಸುರಿದೆ. ಇಪ್ಪತ್ತಕ್ಕೂ ಜಾಸ್ತಿ ಪಟ್ಟಿ ಬಿದ್ದವು, ಕೆಲವು ತೀರಿಹೋದ ಕಾಕಿಯವು. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು ಇರುತ್ತದೆ, ಮೆಡಿಕಲ್‌ನವರು ಸಾಲ್ಟ್ ಅನ್ನುತ್ತಾರೆ. ಕಂಪನಿ ಹೆಸರು ಬೇರೆ ಬೇರೆ ಇದ್ದರೂ ಅದು ಒಂದೇ ಇರಬಹುದು. ಭೂತಗನ್ನಡಿ ಹಿಡಿದು ಓದುತ್ತಾ ಹೋದೆ. ಕೆಂಪು ಪಟ್ಟಿಯಲ್ಲಿ ಬಿಪಿ ಇಳಿಸುವ ಅಮ್ಲೋಡಿಪಿನ್. ಹಳದಿಯಲ್ಲಿ ಟೆಲ್ಮಿಸಾರ್ಟನ್, ಅದೂ ಬಿಪಿಗೇ, ಅದರ ಜೊತೆಗೆ ಮತ್ತೆ ಅಮ್ಲೋಡಿಪಿನ್. ಒಂದನ್ನು ಹಳೇ ಡಾಕ್ಟರ್ ಬರೆದದ್ದು, ಇನ್ನೊಂದನ್ನು ಹೊಸ ಡಾಕ್ಟರ್ ಬದಲಿಗೆ ಕೊಟ್ಟದ್ದು. ಕಾಕಾ ಎರಡನ್ನೂ ನುಂಗುತ್ತಿದ್ದರು. ಎರಡೂ ಪಟ್ಟಿ ಡಾಕ್ಟರಿಗೆ ತೋರಿಸಿದೆವು. ಅವತ್ತು ಬಿದ್ದದ್ದಕ್ಕೆ ಇದೇ ಕಾರಣ ಅಂತ ಅವರು ಹೇಳಲಿಲ್ಲ, ಆದರೆ ಕೂಡಲೇ ಒಂದನ್ನು ನಿಲ್ಲಿಸಿದರು. ಕಾಕಾ ತಲೆ ತಿರುಗುತ್ತೆ ಅನ್ನುವುದೂ ಕಡಿಮೆಯಾಯ್ತು. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ನಿಮ್ಮ ಪಕ್ಕದ ಮನೆಯ ಅಜ್ಜ ಅಜ್ಜಿಯ ಮಾತ್ರೆ ಡಬ್ಬಿ ಒಂದು ಸಲ ಸುರಿದು ನೋಡಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಫ್ರಿಜ್ ಬಾಗಿಲಿಗೆ ಅಂಟಿಸಿದೆವು. ಹೆಸರು, ವಯಸ್ಸು, ರಕ್ತದ ಗುಂಪು, ಕಾಯಿಲೆ, ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಮ್, ಯಾವ ಹೊತ್ತಿಗೆ, ಅಲರ್ಜಿ, ಆಗಿರುವ ಆಪರೇಷನ್, ಡಾಕ್ಟರ್, ಫೋನ್ ಮಾಡಬೇಕಾದ ಮೂವರು. ಮೊದಲ ಸಲ ನಾನು ಕನ್ನಡದಲ್ಲಿ ಬರೆದಿದ್ದೆ. ಆಂಬ್ಯುಲೆನ್ಸಿನವರು ಅದನ್ನು ಏನು ಮಾಡಬೇಕು ಅಂತ ಮಾಷ್ಟ್ರೇ ಕೇಳಿದರು. ಈಗ ಒಂದು ಬದಿ ಇಂಗ್ಲಿಷ್ ಮತ್ತು ಮರಾಠಿ, ಹಿಂದುಗಡೆ ಮನೆಯವರಿಗೆ ಕನ್ನಡ. ಮೂಲೆಯಲ್ಲಿ ಬರೆದ ದಿನಾಂಕ ಹಾಕಲೇಬೇಕು. ಹಳೇ ಹಾಳೆ ಇದ್ದರೆ ಇಲ್ಲದ್ದಕ್ಕಿಂತ ಅಪಾಯ.

ಕೀಲಿಯ ವಿಷಯ ಸುಲಭ ಅಂದುಕೊಂಡಿದ್ದೆವು. ಮೂರು ಮನೆಯ ಕೀಲಿಗಳನ್ನು ನಕಲು ಮಾಡಿಸಿದೆವು, ಒಂದು ನಮ್ಮಲ್ಲಿ, ಒಂದು ಪಕ್ಕದ ಗುಜರಾತಿ ಮನೆಯಲ್ಲಿ. ಒಂದು ರಾತ್ರಿ ಮಾಮಿಗೆ ಹೇಳಿಯೇ ಪರೀಕ್ಷೆ ಮಾಡಿದೆವು. ಕೀಲಿ ತಿರುಗಿತು, ಬಾಗಿಲು ಅಲ್ಲಾಡಲಿಲ್ಲ. ಮಾಮಿ ಮಲಗುವ ಮುಂಚೆ ಮೇಲೊಂದು, ಕೆಳಗೊಂದು ಅಗಳಿ ಹಾಕುತ್ತಾರೆ. ನಲವತ್ತು ವರ್ಷದ ಅಭ್ಯಾಸ. ಕಾಕಾ ಮನೆಯಲ್ಲಿ ಆದದ್ದೂ ಅದೇ ಅಲ್ವಾ. ಅಗಳಿ ಬಿಡಿ ಅಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಒಳಗಿಂದ ಭದ್ರವಾಗಿ ಬೀಳುವ, ಹೊರಗಿಂದ ಕೀಲಿಯಲ್ಲಿ ತೆಗೆಯಬಹುದಾದ ಲ್ಯಾಚ್ ಹಾಕಿಸಿದೆವು. ಲ್ಯಾಚು, ಬಡಗಿಯ ಕೂಲಿ ಸೇರಿ 2,300 ಆಯ್ತು. ಕಬ್ಬಿಣದ ಜಾಲರಿ ಬಾಗಿಲಿಗೂ ಕೀಲಿ ಬೇಕು, ಅದನ್ನು ಮರೆಯಬೇಡಿ. ಬಚ್ಚಲಿನ ಅಗಳಿಯನ್ನು ಮೂರೂ ಮನೆಯಲ್ಲಿ ಬಿಚ್ಚಿಸಿದೆವು. ಒಳಗೆ ಇದ್ದಾಗ ಬಾಗಿಲಿಗೆ ಟವೆಲ್ ನೇತುಹಾಕುತ್ತಾರೆ. ಕಮೋಡಿನ ಪಕ್ಕ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದೆವು.

ಇಲ್ಲಿ ನನಗೆ ತುಂಬಾ ನೋವಾದ ಒಂದು ಮಾತು ಬಂತು. ಕೀಲಿ ವಿಷಯ ಗೊತ್ತಾದ ಮೇಲೆ ಒಂದು ಮನೆಯ ಮಗ ದೂರದಿಂದ ಫೋನ್ ಮಾಡಿ, "ನೀವ್ಯಾಕೆ ನಮ್ಮ ಮನೆ ಕೀಲಿ ಇಟ್ಕೋತೀರಿ?" ಅಂದರು. ಎರಡು ದಿನ ನಾನು ಸುಮ್ನೆ ಇದ್ದೆ. ಆಮೇಲೆ ಯೋಚಿಸಿದಾಗ ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ ಅನಿಸಿತು. ನಿಜವಾಗಿ ನಾವು ಮೊದಲೇ ಮಕ್ಕಳಿಗೆ ಹೇಳಬೇಕಿತ್ತು. ಮೂರೂ ಮನೆಯ ಮಕ್ಕಳನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆವು. ಕೀಲಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಹಿರಿಯರ ಸಹಿ ಹಾಕಿಸಿದೆವು, ಅದರ ಫೋಟೋ ಗುಂಪಿಗೆ ಕಳಿಸಿದೆವು. ಒಡೆದರೆ ಯಾಕೆ ಅಂತ ಅಲ್ಲೇ ಬರೆಯಬೇಕು. ಈಗ ಅದೇ ಮಗ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾರೆ. ಎಟಿಎಂ ಪಿನ್ ಮಾತ್ರ ಕೇಳಬೇಡಿ, ಅವರಾಗಿ ಕೊಟ್ಟರೂ ತಗೊಳ್ಳಬೇಡಿ.

ನವೆಂಬರ್ ಪೂರ್ತಿ ಬ್ಯಾಂಕಿಗೆ ಹೋಯ್ತು. ಆಪರೇಷನ್ ಆದ ಮೇಲೆ ಕಾಕಾ ಕೈ ನಡುಗುತ್ತದೆ, ಸಹಿ ತಾಳೆಯಾಗಲಿಲ್ಲ, ಚೆಕ್ ವಾಪಸ್. ಅವರದೇ ದುಡ್ಡು, ಅವರ ಔಷಧಿಗೆ ಸಿಗುತ್ತಿಲ್ಲ. ಕೌಂಟರಿನಲ್ಲಿ "ನಾಮಿನಿ ಇದ್ದಾರಲ್ಲ" ಅಂದರು. ನೋಡಿದರೆ ನಾಮಿನಿ ಕಾಕಿ, ತೀರಿಹೋಗಿ ಆರು ವರ್ಷ. ಬದುಕಿದ್ದರೂ ಉಪಯೋಗವಿರಲಿಲ್ಲ. ಖಾತೆದಾರರು ಇರುವಾಗ ನಾಮಿನಿ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ, ನಾಮಿನಿಯ ಕೆಲಸ ಅವರು ತೀರಿಕೊಂಡ ಮೇಲೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಇರುವಾಗಲೇ ಇನ್ನೊಬ್ಬರು ದುಡ್ಡು ತೆಗೆಯಬೇಕಾದರೆ ಜಂಟಿ ಖಾತೆ ಬೇಕು, ಅದರಲ್ಲೂ "ಐದರ್ ಆರ್ ಸರ್ವೈವರ್" ಅಂತ ಬರೆಸಬೇಕು, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು. ನಂಬಿಕೆಯ ಮಕ್ಕಳಿದ್ದರೆ ಮಾತ್ರ.

ನಾಲ್ಕು ಸಲ ಹೋಗಿ ಬಂದೆವು. ಕಾಯಿಲೆಯವರು, ಸಹಿ ಹಾಕಲಾಗದವರು ಹೆಬ್ಬೆಟ್ಟು ಒತ್ತಿ ಹಣ ತೆಗೆಯಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಎಪ್ಪತ್ತು ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಐದನೇ ಸಲ ಈ ಎರಡನ್ನೂ ಒಂದು ಅರ್ಜಿಯಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ. ಬಾಯಲ್ಲಿ ಕೇಳಿದ್ದಕ್ಕೆ ಆಗದ ಕೆಲಸ ಕಾಗದಕ್ಕೆ ಆಯ್ತು. ಮುಂದಿನ ವಾರ ಅಧಿಕಾರಿಯೊಬ್ಬರು ಮನೆಗೆ ಬಂದರು, ಒಳ್ಳೆಯ ಹುಡುಗಿ, ಕಾಕಾ ಕೈ ಹಿಡಿದು ನಿಧಾನಕ್ಕೆ ಹೆಬ್ಬೆಟ್ಟು ಒತ್ತಿಸಿದರು. ನಾಮಿನಿಯನ್ನೂ ಅವತ್ತೇ ಬದಲಿಸಿದೆವು. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಹಾಕಬಹುದು, ಕಾಕಾ ಮಗ ಮತ್ತು ಮಗಳು ಇಬ್ಬರ ಹೆಸರನ್ನೂ ಬರೆಸಿದರು.

ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, ಆದಾಯ ಎಷ್ಟಿದ್ದರೂ. 2024ರ ಅಕ್ಟೋಬರ್‌ನಿಂದ ಇದೆ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ಆಧಾರ್ ಒಂದಿದ್ದರೆ ಸಾಕು, ಕಾರ್ಡಿಗೆ ದುಡ್ಡಿಲ್ಲ. ಕಾಕಾದು ಮೊಬೈಲಿನಲ್ಲೇ ಅರ್ಧ ಗಂಟೆಯಲ್ಲಿ ಆಯ್ತು. ಮಾಷ್ಟ್ರ ಬೆರಳಚ್ಚು ಸವೆದುಹೋಗಿದೆ, ಯಂತ್ರ ಹಿಡಿಯಲಿಲ್ಲ, ಮುಖ ತೋರಿಸಿ ಮಾಡಿದೆವು. ಕಿಟಕಿಯ ಬೆಳಕಿಗೆ ಕೂರಿಸಿ, ಕನ್ನಡಕ ತೆಗೆಸಿ, ಆರನೇ ಸಲಕ್ಕೆ ಆಯ್ತು. ಮಾಮಿಯದೇ ನಿಂತಿತು. ಎಂಬತ್ತಮೂರರ ಮಾಮಿಗೆ ಆಧಾರ್‌ನಲ್ಲಿ ಹುಟ್ಟಿದ ವರ್ಷ 1957! ಯಾರೋ ಅಂದಾಜಿಗೆ ಬರೆದದ್ದು, ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಅಮೆರಿಕಕ್ಕೆ ಮಗನ ಮನೆಗೆ ಹೋಗಿದ್ದಾಗಿನ ಪಾಸ್‌ಪೋರ್ಟ್ ಟ್ರಂಕಿನಲ್ಲಿತ್ತು, ಅದೇ ಕಾಪಾಡಿತು. ಆಧಾರ್ ಕೇಂದ್ರದಲ್ಲಿ 75 ರೂಪಾಯಿ ಫೀ, ಟ್ಯಾಕ್ಸಿಗೆ ಅದಕ್ಕಿಂತ ಜಾಸ್ತಿ, ಮೂರನೇ ಮಾಳಿಗೆಯಿಂದ ಇಳಿದು ಹತ್ತಿದ ಸುಸ್ತು ಎರಡು ದಿನ. ತಿದ್ದುಪಡಿ ಬರಲು ಮೂರು ವಾರ. ಹೀಗಾಗಿ ಮೊದಲು ಆಧಾರ್‌ನಲ್ಲಿ ಹುಟ್ಟಿದ ದಿನ ಮತ್ತು ಮೊಬೈಲ್ ನಂಬರ್ ಸರಿ ಇದೆಯಾ ನೋಡಿ, ಆಮೇಲೆ ಉಳಿದದ್ದು. ಎಲ್ಲ ಆಸ್ಪತ್ರೆಯಲ್ಲಿ ಈ ಕಾರ್ಡ್ ನಡೆಯುವುದಿಲ್ಲ. ನಡೆಯುವ ಹತ್ತಿರದ ಎರಡು ಆಸ್ಪತ್ರೆಯ ಹೆಸರನ್ನು ಫ್ರಿಜ್ ಮೇಲಿನ ಹಾಳೆಯಲ್ಲೇ ಬರೆದಿದ್ದೇವೆ.

ಅಕ್ಕನ ಆಕ್ಸಿಜನ್ ನನಗೆ ಎಲ್ಲಕ್ಕಿಂತ ಹೆದರಿಕೆ. ಅವರ ಯಂತ್ರ ಕರೆಂಟಿನಲ್ಲಿ ನಡೆಯುತ್ತದೆ. ನಮ್ಮ ಮೀಟರ್‌ಗಳೆಲ್ಲ ಕೆಳಗೆ, ನೀರು ಬಂದರೆ ಕರೆಂಟ್ ಕಂಪನಿ ಬೆಸ್ಟ್‌ನವರು ಶಾಕ್ ಹೊಡೆಯಬಾರದು ಅಂತ ಕರೆಂಟ್ ತೆಗೆಯುತ್ತಾರೆ. ತೆಗೆಯಲೇಬೇಕು. "ಸಿಲಿಂಡರ್ ಉಂಟಲ್ಲ" ಅಂದರು ಮಾಷ್ಟ್ರು. ಮಂಚದ ಕೆಳಗೆ ಇತ್ತು, ತುಂಬಿದ್ದೂ ಹೌದು. ಮಾರ್ಚ್‌ನಲ್ಲಿ ಒಂದು ಭಾನುವಾರ, ಅಕ್ಕ ಯಂತ್ರದ ಮೇಲೆಯೇ ಇರುವಾಗ, ಸಿಲಿಂಡರ್ ತೆರೆದು ತೋರಿಸಿ ಅಂದೆವು. ಮಾಷ್ಟ್ರು ಬಗ್ಗಿ ಎಳೆದರು, ಧೂಳು ಒರೆಸಿದರು, ಮೇಲಿನ ವಾಲ್ವ್ ಮುಟ್ಟಿದರು. ಅದನ್ನು ತಿರುಗಿಸಲು ಪಾನಾ (ಸ್ಪ್ಯಾನರ್) ಬೇಕು. ಪಾನಾ ಇಲ್ಲ. ಕಪಾಟು, ಅಡುಗೆಮನೆ, ಹಳೇ ಪೆಟ್ಟಿಗೆ ಎಲ್ಲ ಹುಡುಕಿದೆವು. ಇಪ್ಪತ್ತು ನಿಮಿಷ ಆದ ಮೇಲೆ ಮಾಷ್ಟ್ರು ಹಾಸಿಗೆಯ ತುದಿಯಲ್ಲಿ ಕೂತು ಅಕ್ಕನ ಕಾಲಿನ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ. ಸಿಲಿಂಡರ್ ಎರಡು ವರ್ಷದಿಂದ ಅಲ್ಲಿತ್ತು.

ಮರುದಿನವೇ ಎರಡು ಪಾನಾ ತಂದೆವು, ಒಂದನ್ನು ಸಿಲಿಂಡರ್ ಕುತ್ತಿಗೆಗೆ ಸರಪಳಿಯಲ್ಲಿ ಕಟ್ಟಿದೆವು. ಅವರದು ಬಿ ಟೈಪ್ ಸಿಲಿಂಡರ್, ಸುಮಾರು 1,500 ಲೀಟರ್. ಅಕ್ಕನಿಗೆ ನಿಮಿಷಕ್ಕೆ 2 ಲೀಟರ್, ಅಂದರೆ ಹನ್ನೆರಡು ಗಂಟೆ ಬರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆ. ದೇವರ ದೀಪ ಅದೇ ಕೋಣೆಯಲ್ಲಿ ಉರಿಯುತ್ತಿತ್ತು, ಅದನ್ನು ಯಾರೂ ಗಮನಿಸಿರಲಿಲ್ಲ. ಆಕ್ಸಿಜನ್ ಇರುವ ಕಡೆ ದೀಪ, ಊದುಬತ್ತಿ, ಕರ್ಪೂರ ಯಾವುದೂ ಇರಬಾರದು, ಬೆಂಕಿ ತಕ್ಷಣ ಹಬ್ಬುತ್ತದೆ. ದೇವರನ್ನು ಅಡುಗೆಮನೆಗೆ ಕಳಿಸುವುದಕ್ಕೆ ಅಕ್ಕ ಒಪ್ಪಲಿಲ್ಲ. ಯುಗಾದಿ ದಿನ ಒಳ್ಳೆಯದು ಅಂತ ಮಾಷ್ಟ್ರೇ ಹೇಳಿ, ಪೂಜೆ ಮಾಡಿ ಹಾಲ್‌ಗೆ ತಂದು ಕೂರಿಸಿದರು.

ಏಪ್ರಿಲ್‌ನಲ್ಲಿ ಕುರ್ಚಿ ಹುಡುಕಿದೆವು. ಕೈಯಿರುವ ಕುರ್ಚಿ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಮಿಯ ಮನೆಯ ಹಳೇ ತೇಗದ ಕುರ್ಚಿ, ಕೈ ಇಲ್ಲದ್ದು, ಸರಿಯಾಗಿ ಇಳಿಯಿತು. ಅದರ ಮೇಲೆ 25 ಕಿಲೋದ ಎರಡು ಅಕ್ಕಿ ಚೀಲ ಕಟ್ಟಿ ಮೂರನೇ ಮಾಳಿಗೆಯಿಂದ ರಸ್ತೆವರೆಗೆ ಇಳಿಸಿದೆವು. ಮೊದಲ ಸಲ ಹನ್ನೊಂದು ನಿಮಿಷ, ಮೂರನೇ ಸಲ ಆರು. ಹೊರುವವರಲ್ಲಿ ಗಟ್ಟಿಯಾದವರು ಕೆಳಗಡೆ ಇರಬೇಕು, ಕೂತವರ ಎದೆಗೆ ಮತ್ತು ಕಾಲಿಗೆ ಬಟ್ಟೆಯ ಪಟ್ಟಿ ಬೇಕು, ಒಬ್ಬರು ಮುಂದೆ ಟಾರ್ಚ್ ಹಿಡಿಯಬೇಕು. ಬಿದ್ದು ಬೆನ್ನಿಗೋ ಕುತ್ತಿಗೆಗೋ ಪೆಟ್ಟಾದವರನ್ನು ಮಾತ್ರ ನಾವೇ ಎತ್ತಬಾರದು, ಆಂಬ್ಯುಲೆನ್ಸಿನವರು ಬರಲಿ. ಕುರ್ಚಿ ಈಗ ಎರಡನೇ ಮಾಳಿಗೆಯ ಮೆಟ್ಟಿಲ ಬಳಿ ಗೋಡೆಗೆ ನೇತಾಡುತ್ತಿದೆ.

ಚೀಲದ ವಿಷಯ ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಒಂದು ವಾರದ ಮಾತ್ರೆ, ಕಾಗದಗಳ ನಕಲು, ಹಳೇ ಕನ್ನಡಕ, ಟಾರ್ಚ್, ಚಾರ್ಜರ್, ಒಂದು ಜೊತೆ ಬಟ್ಟೆ, ನೂರರ ನೋಟುಗಳಲ್ಲಿ 3,000 ರೂಪಾಯಿ. ಯಾರೂ ಹೇಳದ ಎರಡು ಇವೆ. ಹಲ್ಲಿನ ಸೆಟ್ಟಿನ ಡಬ್ಬಿ, ಕಿವಿ ಯಂತ್ರದ ಸೆಲ್ಲು. ಕಾಕಾಗೆ ಕಿವಿ ಯಂತ್ರ ಇಲ್ಲದಿದ್ದರೆ ಡಾಕ್ಟರ್ ಕೇಳಿದ್ದು ಒಂದೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನ್ ಪಕ್ಕ ಹಾಕಿದ್ದೇವೆ. ಆಂಬ್ಯುಲೆನ್ಸ್ 108, ಪೊಲೀಸ್ ಮತ್ತು ಯಾವುದೇ ತುರ್ತಿಗೆ 112, ಬೆಂಕಿಗೆ 101, ಮುನಿಸಿಪಾಲಿಟಿಯ ವಿಪತ್ತು ಕೋಣೆ 1916. ಹಿರಿಯರಿಗಾಗಿಯೇ 14567 ಇದೆ, ಅದು ಸಲಹೆಗೆ, ಜೀವ ಹೋಗುವ ಹೊತ್ತಿಗಲ್ಲ. ಎಲ್ಲದರ ಮೇಲೆ ನಮ್ಮ ಮನೆ ನಂಬರ್. ಒಂಟಿಯಾಗಿರುವ ಹಿರಿಯರ ಹೆಸರನ್ನು ಪೊಲೀಸ್ ಠಾಣೆಯಲ್ಲೂ ಬರೆಸಬಹುದು, ಮಾಮಿಯದನ್ನು ಬರೆಸಿದೆವು.

ಲ್ಯಾಚು, ಹಿಡಿಕೆ, ಪಾನಾ, ಟಾರ್ಚ್, ಜೆರಾಕ್ಸ್, ಓಡಾಟ ಎಲ್ಲ ಸೇರಿ ಮೂರು ಮನೆಗೆ ಸುಮಾರು 14,000 ಆಯ್ತು. ಮಕ್ಕಳು ಹಂಚಿಕೊಂಡರು.

ಈ ಜೂನ್‌ನಲ್ಲಿ ಒಂದು ರಾತ್ರಿ ಮಳೆ ಹಿಡಿಯಿತು. ಎರಡೂ ಮುಕ್ಕಾಲಿಗೆ ಕರೆಂಟ್ ಹೋಯ್ತು. ಲಕೋಟೆಗಳನ್ನು ಹಿಡಿದು ನಾನು ಬಾಗಿಲು ತೆಗೆಯುವಷ್ಟರಲ್ಲಿ ಎದುರು ಮನೆಯಲ್ಲಿ ಟಾರ್ಚ್ ಬೆಳಕು. ಮಾಷ್ಟ್ರು ಪಾನಾ ತಿರುಗಿಸಿ ಆಗಿತ್ತು, ಅಕ್ಕ ಮೂಗಿಗೆ ನಳಿಗೆ ಸರಿ ಮಾಡಿಕೊಳ್ಳುತ್ತಿದ್ದರು. "ಎರಡು ನಲವತ್ತೆಂಟಕ್ಕೆ ಶುರು ಮಾಡಿದ್ದು, ಬರ್ಕೋ" ಅಂದರು ಮಾಷ್ಟ್ರು. ಬರೆದುಕೊಂಡೆ. ಮಗ ಕೆಳಗೆ ಕಾಕಾ ಮನೆಗೆ ಹೋದ. ನಾನು ಮೇಲೆ ಹತ್ತಿ ಮಾಮಿಯ ಬಾಗಿಲಿಗೆ ಕೀಲಿ ಹಾಕಿದೆ. ತಿರುಗಿತು, ಬಾಗಿಲು ತೆರೆಯಿತು. ಮೇಲಿನ ಅಗಳಿ ಹಾಕಿರಲಿಲ್ಲ. ಒಳಗಿಂದ ಮಾಮಿ, "ನೀನೇನಾ? ಟಾರ್ಚ್ ಕಣ್ಣಿಗೆ ಹಿಡೀಬೇಡ, ಬಾ, ಕೂತ್ಕೋ" ಅಂದರು.